ಬಗ್ ಬಗ್ಗೆ ಅಷ್ಟು ಚೆನ್ನಾಗಿ ಬರೆದವರ ಬಗ್ ಟ್ರ್ಯಾಕರ್ ಅಷ್ಟೇ ಚೆನ್ನಾಗಿದೆಯೇ?

ಅರ್ಧವಿರಾಮ:
ನಮ್ಮದು ಒಂಬತ್ತು ಜನರ ತಂಡ. ಸದ್ಯಕ್ಕೆ ನಮ್ಮ ಬಗ್‌ಗಳು, ಅಂದರೆ ತಂತ್ರಾಂಶದ ದೋಷಗಳು, ಮೂರು ಕಡೆ ವಾಸವಾಗಿವೆ: ಇಮೇಲ್‌ನಲ್ಲಿ, ಒಂದು ಎಕ್ಸೆಲ್ ಹಾಳೆಯಲ್ಲಿ, ಮತ್ತು ನಮ್ಮ ಹಿರಿಯ ಟೆಸ್ಟರ್ ಒಬ್ಬರ ತಲೆಯಲ್ಲಿ. ಮೂರನೆಯದೇ ಹೆಚ್ಚು ನಂಬಿಕಸ್ತ ಜಾಗ. ಆದರೆ ಅವರು ಮುಂದಿನ ತಿಂಗಳು ದೀರ್ಘ ರಜೆಯ ಮೇಲೆ ಹೋಗುತ್ತಿದ್ದಾರೆ. ಹಾಗಾಗಿ ಬಗ್‌ಗಳ ದಾಖಲೆ ಇಡುವ ಒಂದು ತಂತ್ರಾಂಶ, ಅಂದರೆ ಬಗ್ ಟ್ರ್ಯಾಕರ್, ಬೇಕೇ ಬೇಕು ಎಂಬ ಜ್ಞಾನೋದಯ ಎಲ್ಲರಿಗೂ ಒಟ್ಟಿಗೇ ಆಗಿದೆ.

ನಮ್ಮ ಮ್ಯಾನೇಜರ್, ತಂತ್ರಾಂಶ ತಯಾರಿಕೆಯ ಬಗ್ಗೆ ಬ್ಲಾಗ್ ಬರೆದು ಹೆಸರಾದ ಜೋಯೆಲ್ ಸ್ಪೋಲ್ಸ್ಕಿ ಅವರ ಬರಹಗಳನ್ನು ಓದಿಕೊಂಡೇ ಬೆಳೆದವರು. 2000ದಲ್ಲಿ ಬಂದ, ತಂತ್ರಾಂಶ ತಂಡದ ಗುಣ ಅಳೆಯುವ ಹನ್ನೆರಡು ಪ್ರಶ್ನೆಗಳ ಜೋಯೆಲ್ ಟೆಸ್ಟ್ ಅವರಿಗೆ ಬಾಯಿಪಾಠ. ಅದರ ನಾಲ್ಕನೆಯ ಪ್ರಶ್ನೆ, 'ನಿಮ್ಮಲ್ಲಿ ಬಗ್ ಡೇಟಾಬೇಸ್ ಇದೆಯೇ?' ಎಂಬುದನ್ನು ಸಭೆಯಲ್ಲಿ ಕೇಳಿ ನಮ್ಮನ್ನೆಲ್ಲ ನಾಚಿಸಿದರು. ಈಗ ಜೋಯೆಲ್ ಮಾಡಿಸಿದ ಬಗ್ ಟ್ರ್ಯಾಕರ್ ಫಾಗ್‌ಬಗ್ಜ್ ಕೊಳ್ಳೋಣ ಎನ್ನುತ್ತಿದ್ದಾರೆ. ವಾದ ಇಷ್ಟೇ: ಬಗ್ ಬಗ್ಗೆ ಇಷ್ಟು ಸ್ಪಷ್ಟವಾಗಿ ಯೋಚಿಸಿದ ಮನುಷ್ಯ ಮಾಡಿಸಿದ ತಂತ್ರಾಂಶ ಕೆಟ್ಟದಾಗಿರಲು ಸಾಧ್ಯವೇ ಇಲ್ಲ.

ನಾನು ಅದನ್ನು ಇನ್ನೂ ಮುಟ್ಟಿ ನೋಡಿಲ್ಲ. ಬರಹದ ಗುಣಕ್ಕೂ ತಂತ್ರಾಂಶದ ಗುಣಕ್ಕೂ ಅಂಥ ನೆಂಟಸ್ತನ ಇದೆಯೇ ಎಂಬುದು ನನ್ನ ಪ್ರಶ್ನೆ. ಬಳಸಿದವರು ದಯವಿಟ್ಟು ಹೇಳಿ.

ಮರುಚಾಲನೆ:
ಯಾವುದಾದರೂ ಒಂದನ್ನು ಹಾಕಿಕೊಳ್ಳಿ. ಎಕ್ಸೆಲ್ ಹಾಳೆಗಿಂತ ಎಲ್ಲವೂ ಮೇಲು.

ಕಡತಪಾಲ:
ಎರಡು ಕಡೆ ಸೇರಿ ಏಳು ವರ್ಷ ಬಳಸಿದ್ದೇನೆ. ನನ್ನ ಮಟ್ಟಿಗೆ ಹೌದು, ಹೆಸರಿಗೆ ತಕ್ಕ ಹಾಗೆಯೇ ಇತ್ತು. ಕಾರಣ ಹೇಳುತ್ತೇನೆ.

ಅದೇ 2000ದಲ್ಲಿ ಜೋಯೆಲ್ ಬಗ್ ದಾಖಲಿಸುವ ಬಗ್ಗೆ ಬರೆದದ್ದರ ಸಾರ ಮೂರು ಸಾಲು. ಏನೇನು ಮಾಡಿದಾಗ ತೊಂದರೆ ಬಂತು, ಏನಾಗಬೇಕಿತ್ತು, ಏನಾಯಿತು. ಈ ಮೂರು ಇದ್ದರೆ ಅದು ಬಗ್ ವರದಿ, ಇಲ್ಲದಿದ್ದರೆ ಗೊಣಗಾಟ. ಎರಡನೆಯ ನಿಯಮ, ಪ್ರತಿ ಬಗ್‌ಗೆ ಯಾವುದೇ ಕ್ಷಣದಲ್ಲಿ ಒಬ್ಬರೇ ವಾರಸುದಾರರು. 'ತಂಡಕ್ಕೆ ಕಳುಹಿಸಿದೆ' ಎನ್ನುವ ಮಾತೇ ಇಲ್ಲ. ಮೂರನೆಯದು ನನಗೆ ಅತ್ಯಂತ ಪ್ರಿಯವಾದದ್ದು: ಬಗ್ ತೆರೆದವರು ಮಾತ್ರ ಅದನ್ನು ಮುಚ್ಚಬಹುದು. ಪ್ರೋಗ್ರಾಮರ್ 'ಸರಿಪಡಿಸಿದೆ' ಎನ್ನಬಹುದು, 'ಮರುಕಳಿಸುತ್ತಿಲ್ಲ' ಎನ್ನಬಹುದು, 'ಇದು ಹೀಗೆಯೇ ಇರಬೇಕಾದದ್ದು' ಎಂದೂ ವಾದಿಸಬಹುದು. ಆದರೆ ಆ ಕ್ಷಣ ಟಿಕೆಟ್, ಅಂದರೆ ಆ ಬಗ್‌ನ ದಾಖಲೆ, ತೆರೆದವರ ಬಳಿಗೇ ವಾಪಸ್ ಹೋಗುತ್ತದೆ. ಅವರು ನೋಡಿ ಒಪ್ಪಿದರೆ ಮಾತ್ರ ಕಥೆ ಮುಗಿಯಿತು.

ಫಾಗ್‌ಬಗ್ಜ್‌ನಲ್ಲಿ ಇವು ಉಪದೇಶವಾಗಿ ಇರಲಿಲ್ಲ, ಗುಂಡಿಗಳಾಗಿ ಇದ್ದವು. 'ಬಗೆಹರಿಯಿತು' ಒಂದು ಗುಂಡಿ, 'ಮುಚ್ಚು' ಬೇರೆ ಗುಂಡಿ. ಹೊಸಬರಿಗೆ ನಾವು ಏನನ್ನೂ ಕಲಿಸಬೇಕಾಗಿರಲಿಲ್ಲ, ಪರದೆಯೇ ಕಲಿಸುತ್ತಿತ್ತು.

ಒಂದು ತಮಾಷೆಯನ್ನೂ ಹೇಳಬೇಕು. ಆದ್ಯತೆಗೆ 1ರಿಂದ 7ರವರೆಗೆ ಅಂಕಿ ಕೊಟ್ಟಿದ್ದರು. ಮೊದಲ ಮೂರಕ್ಕೂ ಒಂದೇ ಹೆಸರು, 'ಸರಿಪಡಿಸಲೇಬೇಕು'. ಮುಂದಿನ ಮೂರು 'ಸಮಯವಿದ್ದರೆ'. ಏಳನೆಯದು 'ಬೇಡ'. ಮನುಷ್ಯ ಸ್ವಭಾವ ಬಲ್ಲವರು ಮಾತ್ರ ಹೀಗೆ ಮಾಡಲು ಸಾಧ್ಯ. ಎಲ್ಲರೂ ತಮ್ಮ ಬಗ್ ತುರ್ತು ಎನ್ನುತ್ತಾರೆ; ಸರಿ, ತುರ್ತಿನಲ್ಲೇ ಮೂರು ತರಗತಿ ಇಟ್ಟುಕೊಳ್ಳಿ.

ಶೂನ್ಯಸೂಚಿ:
ಕಡತಪಾಲರು ಭಕ್ತಿಯಿಂದ ಬರೆದಿದ್ದಾರೆ. ನಾನು ಸ್ವಲ್ಪ ತಣ್ಣೀರು ಎರಚುತ್ತೇನೆ.

2006ರಲ್ಲಿ ಇದೇ ಜೋಯೆಲ್, ವೆಬ್ ತಂತ್ರಾಂಶಕ್ಕೆ ಯಾವ ಭಾಷೆ ಒಳ್ಳೆಯದು ಎಂದು ಒಂದು ಬರಹ ಬರೆದರು. ಸಂದೇಶ ಏನು? ಹೊಸ ಪ್ರಯೋಗ ಬೇಡ, ಸಾವಿರಾರು ಜನ ಬಳಸಿ ಗಟ್ಟಿ ಎಂದು ಕಂಡುಕೊಂಡದ್ದನ್ನೇ ಆರಿಸಿ. ರೂಬಿ ಭಾಷೆಯ ಬಗ್ಗೆ ಅನುಮಾನ ವ್ಯಕ್ತಪಡಿಸಿದರು. ಇಷ್ಟೆಲ್ಲ ಹೇಳಿ ಕೊನೆಯಲ್ಲಿ, ಫಾಗ್‌ಬಗ್ಜ್ ಅನ್ನು ಮಾತ್ರ ನಾವೇ ಮನೆಯಲ್ಲಿ ತಯಾರಿಸಿದ ವಾಸಾಬಿ ಎಂಬ ಭಾಷೆಯಲ್ಲಿ ಬರೆಯುತ್ತಿದ್ದೇವೆ ಎಂದುಬಿಟ್ಟರು! ಇಡೀ ಜಗತ್ತಿನಲ್ಲಿ ಒಂದೇ ಕಂಪನಿ ಬಳಸುವ ಭಾಷೆ. ಪ್ರೋಗ್ರಾಮಿಂಗ್ ಬಗ್ಗೆ ಬ್ಲಾಗ್ ಬರೆಯುತ್ತಿದ್ದ ಜೆಫ್ ಅಟ್ವುಡ್ ಆಗ ಇದನ್ನು ಕಟುವಾಗಿ ಟೀಕಿಸಿದ್ದರು. (ಎರಡು ವರ್ಷದ ನಂತರ ಅವರಿಬ್ಬರೇ ಸೇರಿ ಪ್ರೋಗ್ರಾಮರುಗಳ ಪ್ರಶ್ನೋತ್ತರ ತಾಣ ಸ್ಟ್ಯಾಕ್ ಓವರ್‌ಫ್ಲೋ ಆರಂಭಿಸಿದರು. ಅದು ಬೇರೆ ಮಾತು.)

ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ ಎಂದರೆ ಇದೇ ಅಲ್ಲವೇ?

ಮೌನಸಾಕ್ಷಿ:
ತಿದ್ದುಪಡಿ: ಹೇಳಿದ್ದು ಶಾಸ್ತ್ರ, ತಿಂದದ್ದು ವಾಸಾಬಿ.

ಕಡತಪಾಲ:
ನಗು ಬಂತು, ಒಪ್ಪಿದೆ. ಆದರೆ ವಾಸಾಬಿಯ ಕಥೆಯನ್ನು ಅರ್ಧ ಹೇಳಿದರೆ ಅನ್ಯಾಯ.

ಫಾಗ್‌ಬಗ್ಜ್ ಹುಟ್ಟಿದ್ದು ಮೈಕ್ರೋಸಾಫ್ಟ್‌ನ ಹಳೆಯ ವೆಬ್ ತಂತ್ರಜ್ಞಾನ ಎಎಸ್‌ಪಿಯಲ್ಲಿ, ವಿಬಿಸ್ಕ್ರಿಪ್ಟ್ ಭಾಷೆ ಬಳಸಿ. ಅದು ವಿಂಡೋಸ್ ಸರ್ವರ್ ಮೇಲೆ ಮಾತ್ರ ಓಡುತ್ತಿತ್ತು. ಲಿನಕ್ಸ್ ಇಟ್ಟುಕೊಂಡ ಗ್ರಾಹಕರು ನಮಗೂ ಬೇಕು ಎಂದರು. ಎರಡು ದಾರಿ ಇದ್ದವು: ಎಲ್ಲವನ್ನೂ ಲಿನಕ್ಸ್ ಮೇಲೂ ಓಡುವ ಪಿಎಚ್‌ಪಿ ಭಾಷೆಯಲ್ಲಿ ಮೊದಲಿನಿಂದ ಬರೆಯುವುದು, ಅಥವಾ ಇರುವ ಕೋಡನ್ನೇ ಪಿಎಚ್‌ಪಿಗೆ ತಿರುಗಿಸುವ ಕಂಪೈಲರ್ ಬರೆಯುವುದು. 'ನಡೆಯುತ್ತಿರುವ ಕೋಡನ್ನು ಎಸೆದು ಮೊದಲಿನಿಂದ ಬರೆಯಬೇಡಿ' ಎಂದು ನೆಟ್‌ಸ್ಕೇಪ್ ಬ್ರೌಸರ್‌ನ ಉದಾಹರಣೆ ಕೊಟ್ಟು 2000ದಲ್ಲಿ ವಾದಿಸಿದ್ದವರೂ ಇವರೇ. ಹಾಗಾಗಿ ಎರಡನೆಯ ದಾರಿ ಹಿಡಿದರು. ಮೊದಲು ಥಿಸಲ್ ಎಂಬ ಕಂಪೈಲರ್, ಆಮೇಲೆ ವಾಸಾಬಿ. 2015ರ ಹೊತ್ತಿಗೆ ವಾಸಾಬಿ ಸಾಕು ಎನಿಸಿದಾಗ ಅದನ್ನೂ ಕೈಯಲ್ಲಿ ಬರೆಯಲಿಲ್ಲ, ಕಂಪೈಲರಿನಿಂದಲೇ ಸಿ ಶಾರ್ಪ್ ಭಾಷೆಯ ಕೋಡ್ ಹೊರಡಿಸಿ ಮುಂದೆ ನಡೆದರು. ನನಗೆ ಇದು ನುಡಿದಂತೆ ನಡೆದದ್ದರ ಹಾಗೆಯೇ ಕಾಣುತ್ತದೆ.

ಶೂನ್ಯಸೂಚಿ:
ಒಂದು ನುಡಿಯಂತೆ ನಡೆದು ಇನ್ನೊಂದು ನುಡಿಯನ್ನು ಮುರಿದರು ಎನ್ನಿ. ಹೊಸದಾಗಿ ಸೇರಿದ ಪ್ರೋಗ್ರಾಮರ್ ಮೊದಲ ದಿನ ಜಗತ್ತಿನಲ್ಲಿ ಬೇರೆಲ್ಲೂ ಇಲ್ಲದ ಭಾಷೆ ಕಲಿಯಬೇಕಿತ್ತು. ಆ ಸಾಲ ಒಂಬತ್ತು ವರ್ಷ ತೀರಿಸಿದ್ದಾರೆ.

ಹಳೆಯ ಪರೀಕ್ಷಕಿ:
ಕಂಪೈಲರ್ ಜಗಳ ಪ್ರೋಗ್ರಾಮರುಗಳಿಗೆ ಇರಲಿ. ದಿನವಿಡೀ ಬಗ್ ದಾಖಲಿಸಿಯೇ ಸಂಬಳ ತೆಗೆದುಕೊಂಡವಳು ನಾನು. ನನ್ನ ಮಾತು ಕೇಳಿ.

ಜೋಯೆಲ್ ಬರೆದದ್ದರಲ್ಲಿ ಚಿನ್ನದಂಥ ಮಾತು ಒಂದಿದೆ: ಬಗ್ ನಮೂನೆಗೆ ಹೊಸ ಫೀಲ್ಡ್ (ತುಂಬಬೇಕಾದ ಖಾನೆ) ಸೇರಿಸುವ ಆಸೆಯನ್ನು ತಡೆದುಕೊಳ್ಳಿ. ತಿಂಗಳಿಗೊಬ್ಬರು ಬಂದು 'ಇದೊಂದು ಸೇರಿಸಿದರೆ ಎಷ್ಟು ಅನುಕೂಲ' ಎನ್ನುತ್ತಾರೆ. ಎಲ್ಲವನ್ನೂ ಸೇರಿಸಿದರೆ ಕೊನೆಗೆ ಬಗ್ ದಾಖಲಿಸುವುದೇ ದೊಡ್ಡ ಕೆಲಸವಾಗಿ, ಜನ ದಾಖಲಿಸುವುದನ್ನೇ ಬಿಡುತ್ತಾರೆ.

ಇದು ಎಷ್ಟು ನಿಜ ಎಂದು ನನಗೆ ಗೊತ್ತಾದದ್ದು ಹಿಂದಿನ ಒಂದು ಕೆಲಸದಲ್ಲಿ. ಕಂಪನಿಯ ಹೆಸರೂ ಬೇಡ, ತಂತ್ರಾಂಶದ ಹೆಸರೂ ಬೇಡ. ನಮ್ಮ ಬಗ್ ನಮೂನೆಯಲ್ಲಿ ಇಪ್ಪತ್ತಮೂರು ಫೀಲ್ಡ್ ಇದ್ದವು, ಹದಿನಾಲ್ಕು ಕಡ್ಡಾಯ. ಒಮ್ಮೆ ಒಂದು ಬಿಲ್‌ನ ಎರಡನೆಯ ಪುಟ ಖಾಲಿ ಮುದ್ರಣವಾಗುತ್ತಿತ್ತು. ಗ್ರಾಹಕರ ವಿಳಾಸ ನಾಲ್ಕು ಸಾಲು ಇದ್ದಾಗ ಮಾತ್ರ. ಮೂರಿದ್ದರೆ ಸರಿಯಾಗಿ ಬರುತ್ತಿತ್ತು, ಐದಿದ್ದರೂ ಬರುತ್ತಿತ್ತು. ಈ 'ನಾಲ್ಕೇ ಸಾಲು' ಎಂಬುದನ್ನು ಹಿಡಿಯಲು ನನಗೆ ಇಡೀ ಮಧ್ಯಾಹ್ನ ಬೇಕಾಯಿತು. ಖುಷಿಯಿಂದ ದಾಖಲಿಸಲು ಕುಳಿತರೆ ನಮೂನೆ ಕೇಳಿದ ಒಂಬತ್ತನೆಯ ಪ್ರಶ್ನೆ, 'ಮೂಲ ಕಾರಣ'. ಕಡ್ಡಾಯ! ಬಗ್ ಈಗಷ್ಟೇ ಸಿಕ್ಕಿದೆ, ಮೂಲ ಕಾರಣ ನನಗೆ ಹೇಗೆ ಗೊತ್ತಿರಬೇಕು? ಪಟ್ಟಿಯಲ್ಲಿ 'ತಿಳಿಯದು' ಎಂಬ ಆಯ್ಕೆ ಇರಲಿಲ್ಲ. ಮೊಟ್ಟಮೊದಲು ಇದ್ದದ್ದು 'ವಿದ್ಯುತ್ ವ್ಯತ್ಯಯ'. ಅದನ್ನೇ ಒತ್ತಿ ಮುಂದೆ ಹೋದೆ. ನಾನೊಬ್ಬಳೇ ಅಲ್ಲ, ಎಲ್ಲರೂ ಅದನ್ನೇ ಮಾಡುತ್ತಿದ್ದರು.

ವರ್ಷದ ಕೊನೆಗೆ ಮೇಲಿನವರಿಗೆ ವರದಿ ಹೋಯಿತು. ಅರ್ಧಕ್ಕಿಂತ ಹೆಚ್ಚು ಬಗ್‌ಗಳಿಗೆ ಮೂಲ ಕಾರಣ ವಿದ್ಯುತ್ ವ್ಯತ್ಯಯ. ಸಭೆ ಸೇರಿ ದೊಡ್ಡದೊಂದು ಯುಪಿಎಸ್ ಕೊಂಡರು. ಬಗ್‌ಗಳು ಕಡಿಮೆಯಾಗಲಿಲ್ಲ.

ಮರುಚಾಲನೆ:
ಪರೀಕ್ಷಕಿ ಮೇಡಂ, ನಾಲ್ಕು ಸಾಲಿನ ಆ ಬಗ್ ಕೊನೆಗೆ ಏನಾಗಿತ್ತು? ಅದನ್ನು ಹೇಳದೆ ಹೋದರೆ ನನಗೆ ನಿದ್ದೆ ಬರುವುದಿಲ್ಲ.

ಹಳೆಯ ಪರೀಕ್ಷಕಿ:
ನಾಲ್ಕು ಸಾಲಾದಾಗ ಮೊದಲ ಪುಟ ಸರಿಯಾಗಿ ಅಂಚಿನವರೆಗೆ ತುಂಬುತ್ತಿತ್ತು. ಆಗ ಕೋಡ್ ಪುಟವನ್ನು ಎರಡು ಸಲ ಮುರಿಯುತ್ತಿತ್ತು. ಪುಟ ತುಂಬಿದ್ದಕ್ಕೆ ಒಮ್ಮೆ, ವಿಳಾಸ ಮುಗಿದದ್ದಕ್ಕೆ ಇನ್ನೊಮ್ಮೆ. ನೆಮ್ಮದಿಯಾಗಿ ಮಲಗಿ.

ನಿಯಮಪಾಲಕ:
ಫೀಲ್ಡ್ ಎಂದರೆ ಪಾಪ ಎಂಬಂತೆ ಮಾತಾಡುತ್ತಿದ್ದೀರಿ. ನಾನು ವೈದ್ಯಕೀಯ ಉಪಕರಣಗಳ ತಂತ್ರಾಂಶ ಬರೆಯುವವನು. ಯಾವ ಬಗ್‌ನಿಂದ ರೋಗಿಗೆ ಅಪಾಯವಾಗಬಹುದು, ಅದನ್ನು ಯಾರು ಪರಿಶೀಲಿಸಿದರು, ಯಾವ ಆವೃತ್ತಿಯಲ್ಲಿ ಪರೀಕ್ಷೆಯಾಯಿತು ಎಂಬುದೆಲ್ಲ ದಾಖಲೆಯಲ್ಲಿ ಇರಲೇಬೇಕು. ತಪಾಸಣಾಧಿಕಾರಿಗಳು ಬಂದಾಗ 'ಜೋಯೆಲ್ ಬೇಡ ಎಂದಿದ್ದಾರೆ' ಎನ್ನಲು ಆಗುವುದಿಲ್ಲ. ಪೆಟ್ಟಿಗೆಯಲ್ಲಿ ಸಿಡಿ ಮಾರುವ ಕಂಪನಿಗಳ ಕಾಲದ ಸಲಹೆಯನ್ನು ಎಲ್ಲರ ತಲೆಗೂ ಕಟ್ಟಬೇಡಿ. ಕೊನೆಗೆ ಫಾಗ್‌ಬಗ್ಜ್ ಕೂಡ ಪ್ಲಗಿನ್ (ಹೊರಗಿನಿಂದ ಜೋಡಿಸುವ ತುಣುಕು) ಮೂಲಕ ಹೆಚ್ಚುವರಿ ಫೀಲ್ಡ್‌ಗಳಿಗೆ ಬಾಗಿಲು ತೆರೆಯಿತಲ್ಲ? ಗ್ರಾಹಕರು ಕೇಳಿ ಕೇಳಿ ಸಾಕಾಗಿ ಕೊಟ್ಟಿದ್ದಾರೆ.

ಕಡತಪಾಲ:
ಬಾಗಿಲು ತೆರೆದದ್ದು ನಿಜ. ಅಲ್ಲಿಂದಲೇ ಅದು ಉಳಿದ ಟ್ರ್ಯಾಕರುಗಳ ಹಾಗೆ ಕಾಣತೊಡಗಿತು ಎಂಬುದೂ ನಿಜ.

ಕಾಲಯಂತ್ರ:
ಯಾರೂ ಫಾಗ್‌ಬಗ್ಜ್‌ನ ನಿಜವಾದ ಹೊಸತನವನ್ನು ಎತ್ತಲಿಲ್ಲ. 2007ರ ಆರನೆಯ ಆವೃತ್ತಿಯಲ್ಲಿ ಬಂದ ವೇಳಾಪಟ್ಟಿಯ ಅಂದಾಜು. ಅದು ಕೆಲಸ ಮಾಡುವ ರೀತಿ ನನಗೆ ಇಂದಿಗೂ ಸುಂದರವಾಗಿ ಕಾಣುತ್ತದೆ.

ನೀವು ಪ್ರತಿ ಕೆಲಸಕ್ಕೂ ಎಷ್ಟು ಗಂಟೆ ಎಂದು ಅಂದಾಜು ಕೊಡುತ್ತೀರಿ. 16 ಗಂಟೆಗಿಂತ ದೊಡ್ಡ ಕೆಲಸವಿದ್ದರೆ ಒಡೆಯಬೇಕು, ಏಕೆಂದರೆ ಅಷ್ಟು ದೊಡ್ಡದನ್ನು ನೀವು ಇನ್ನೂ ಯೋಚಿಸಿಯೇ ಇಲ್ಲ ಎಂದರ್ಥ. ಕೆಲಸ ಮುಗಿದ ಮೇಲೆ ನಿಜವಾಗಿ ಹಿಡಿದ ಸಮಯ ದಾಖಲಾಗುತ್ತದೆ. ಅಂದಾಜನ್ನು ನಿಜದಿಂದ ಭಾಗಿಸಿದರೆ ಒಂದು ಸಂಖ್ಯೆ. 4 ಗಂಟೆ ಎಂದಿರಿ, 8 ಹಿಡಿಯಿತು. ನಿಮ್ಮ ಸಂಖ್ಯೆ 0.5. ಹೀಗೆ ಪ್ರತಿಯೊಬ್ಬರ ಹಿಂದೆಯೂ ಇಂಥ ಸಂಖ್ಯೆಗಳ ರಾಶಿ ಬೀಳುತ್ತದೆ. ಈಗ ಉಳಿದಿರುವ ಕೆಲಸಗಳಿಗೆ ಆ ರಾಶಿಯಿಂದ ಕಣ್ಣುಮುಚ್ಚಿ ಒಂದೊಂದು ಸಂಖ್ಯೆ ಎತ್ತಿ, ಅಂದಾಜನ್ನು ಅದರಿಂದ ಭಾಗಿಸಿ, ಮುಗಿಯುವ ದಿನಾಂಕ ಲೆಕ್ಕ ಹಾಕುತ್ತದೆ. ನೂರು ಸಲ ಹೀಗೆ ಮಾಡುತ್ತದೆ. ನೂರು ಭವಿಷ್ಯಗಳು! ಅದರಲ್ಲಿ ಎಪ್ಪತ್ತು ಸಲ ಆ ದಿನದೊಳಗೆ ಮುಗಿದರೆ, ಆ ದಿನಕ್ಕೆ ಶೇಕಡಾ 70ರಷ್ಟು ಭರವಸೆ. ಇದಕ್ಕೆ ಮಾಂಟೆ ಕಾರ್ಲೊ ವಿಧಾನ ಎನ್ನುತ್ತಾರೆ.

ಸೊಗಸು ಎಲ್ಲಿದೆ ಎಂದರೆ, ನೀವು ಯಾವಾಗಲೂ ಅರ್ಧ ಅಂದಾಜು ಮಾಡುವವರಾದರೆ ಪರವಾಗಿಲ್ಲ, ಯಂತ್ರ ಅದನ್ನು ಕಲಿತುಕೊಂಡು ಸರಿದೂಗಿಸುತ್ತದೆ. ಒಂದು ದಿನ ಅರ್ಧ, ಇನ್ನೊಂದು ದಿನ ಹತ್ತು ಪಟ್ಟು ಎನ್ನುವವರಿಂದಲೇ ತೊಂದರೆ. ಸುಳ್ಳು ಹೇಳಿದರೂ ಒಂದೇ ಸಮನಾಗಿ ಹೇಳಿ ಎಂದ ಹಾಗೆ.

ಪ್ರತಿಧ್ವನಿ:
ಕಾಗದದ ಮೇಲೆ ಸೊಗಸು. ಇದು ನಡೆಯಬೇಕಾದರೆ ಪ್ರತಿ ಪ್ರೋಗ್ರಾಮರೂ ತಾನು ಯಾವ ಕ್ಷಣ ಯಾವ ಕೆಲಸದಲ್ಲಿದ್ದೇನೆ ಎಂದು ದಾಖಲಿಸುತ್ತಲೇ ಇರಬೇಕು. ನಮ್ಮ ತಂಡದಲ್ಲಿ ಎಲ್ಲರೂ ಶುಕ್ರವಾರ ಸಂಜೆ ಕುಳಿತು, ಇಡೀ ವಾರದ ಗಂಟೆಗಳನ್ನು ನೆನಪಿನಿಂದ ತುಂಬುತ್ತಿದ್ದೆವು. ತಪ್ಪು ನಮ್ಮದೇ. ಕಸ ಹಾಕಿದರೆ ನೂರು ಭವಿಷ್ಯಗಳೂ ಕಸವೇ.

ಹುಳುಹಿಡುಕ:
ವಿಷಯಾಂತರಕ್ಕೆ ಕ್ಷಮಿಸಿ. ಬಗ್ ಎಂಬ ಪದ ಬಂದದ್ದೇ 1947ರಲ್ಲಿ ಹಾರ್ವರ್ಡ್ ಮಾರ್ಕ್ 2 ಗಣಕದ ರಿಲೇಯಲ್ಲಿ (ವಿದ್ಯುತ್ ಸ್ವಿಚ್) ಗಣಕ ವಿಜ್ಞಾನಿ ಗ್ರೇಸ್ ಹಾಪರ್ ಅವರಿಗೆ ಸಿಕ್ಕ ಪತಂಗದಿಂದ. ಅದನ್ನು ದಾಖಲೆ ಪುಸ್ತಕಕ್ಕೆ ಅಂಟಿಸಿದ್ದಾರೆ. ಅಂದರೆ ಜಗತ್ತಿನ ಮೊದಲ ಬಗ್ ಟ್ರ್ಯಾಕರ್ ಒಂದು ಪುಸ್ತಕ ಮತ್ತು ಅಂಟುಪಟ್ಟಿ!

ಶೂನ್ಯಸೂಚಿ:
ಪತಂಗ ನಿಜ, ಉಳಿದದ್ದು ತಪ್ಪು. ದಿನಾಂಕ 1947ರ ಸೆಪ್ಟೆಂಬರ್ 9. ಆದರೆ ಪದ ಅದಕ್ಕಿಂತ ಹಳೆಯದು, 1878ರಲ್ಲೇ ಎಡಿಸನ್ ತಮ್ಮ ಪತ್ರದಲ್ಲಿ ಯಂತ್ರದ ದೋಷಗಳನ್ನು ಹಾಗೆ ಕರೆದಿದ್ದಾರೆ. ಆ ಪುಸ್ತಕದಲ್ಲೂ 'ನಿಜವಾದ ಬಗ್ ಸಿಕ್ಕ ಮೊದಲ ಪ್ರಕರಣ' ಎಂದು ಬರೆದಿರುವುದು. ಪದ ಮೊದಲೇ ಇದ್ದುದರಿಂದ ತಾನೇ ಅದು ತಮಾಷೆ? ಹಾಪರ್ ಅವರು ಕಥೆಯನ್ನು ಜನಪ್ರಿಯಗೊಳಿಸಿದರು, ಹಿಡಿದವರು ಅವರಲ್ಲ.

ಮೌನಸಾಕ್ಷಿ:
ವಿಷಯಾಂತರ ಆಗಿಯೇ ಹೋಗಿದೆಯಲ್ಲ, ನನ್ನದೂ ಒಂದು. ಮಾಡಿದವರ ಹೆಸರಿಗೆ ತಕ್ಕ ತಂತ್ರಾಂಶ ಬೇಕೆಂದರೆ ಗಣಕ ವಿಜ್ಞಾನಿ ಡೊನಾಲ್ಡ್ ಕನೂತ್ ಅವರ ಅಕ್ಷರಜೋಡಣೆ ತಂತ್ರಾಂಶ ಟೆಕ್ ನೋಡಿ. ತಮ್ಮ ಪುಸ್ತಕದಲ್ಲಿ ತಪ್ಪು ಹುಡುಕಿಕೊಟ್ಟವರಿಗೆ 2.56 ಡಾಲರ್ ಚೆಕ್ ಕಳುಹಿಸುತ್ತಿದ್ದರು. ಹದಿನಾರರ ಎಣಿಕೆಯಲ್ಲಿ 256 ಅನ್ನು 100 ಎಂದು ಬರೆಯುವುದರಿಂದ 256 ಸೆಂಟ್ ಎಂದರೆ ಅಲ್ಲಿ ಒಂದು ಡಾಲರ್ ಅಂತೆ. ಟೆಕ್‌ನಲ್ಲಿ ಬಗ್ ಹಿಡಿದರೆ ಬಹುಮಾನ ಏರುತ್ತ ಏರುತ್ತ 327.68 ಡಾಲರ್ ಮುಟ್ಟಿತು. ಜನ ಚೆಕ್ಕನ್ನು ಬ್ಯಾಂಕಿಗೆ ಹಾಕದೆ ಗೋಡೆಗೆ ಹಾಕುತ್ತಿದ್ದರು. ಇಷ್ಟಾಗಿ ಕನೂತ್ ಟೆಕ್‌ನಲ್ಲಿ ತಾವು ಮಾಡಿದ ಪ್ರತಿ ತಪ್ಪಿನ ಪಟ್ಟಿಯನ್ನು ತಾವೇ ಪ್ರಕಟಿಸಿದರು. ಅವರ ಬಗ್ ಟ್ರ್ಯಾಕರ್ ಒಂದು ಸಾದಾ ಪಠ್ಯ ಕಡತ.

ಸ್ಥಳಾಂತರಿ:
ಎಲ್ಲರೂ 'ಮಾಡಿದವರು, ಮಾಡಿದವರು' ಎನ್ನುತ್ತಿದ್ದೀರಿ. ಯಾರು ಮಾಡಿದವರು? ಅರ್ಧವಿರಾಮ ಅವರ ಮ್ಯಾನೇಜರ್ ಸುದ್ದಿ ಓದುವುದನ್ನು ಬಿಟ್ಟು ಎಷ್ಟು ವರ್ಷವಾಯಿತು?

2000ದಲ್ಲಿ ಜೋಯೆಲ್ ಮತ್ತು ಮೈಕೆಲ್ ಪ್ರಯರ್ ನ್ಯೂಯಾರ್ಕ್‌ನಲ್ಲಿ ಫಾಗ್ ಕ್ರೀಕ್ ಕಂಪನಿ ಆರಂಭಿಸಿದರು, ಸರಿ. ಅದೇ ಕಂಪನಿ 2011ರಲ್ಲಿ ತಂಡದ ಕೆಲಸಗಳ ಪಟ್ಟಿ ಇಡುವ ಟ್ರೆಲೊ ತಂದಿತು. ಟ್ರೆಲೊ 2014ರಲ್ಲಿ ಬೇರೆ ಕಂಪನಿಯಾಗಿ, 2017ರಲ್ಲಿ 42.5 ಕೋಟಿ ಡಾಲರ್‌ಗೆ ಅಟ್ಲಾಸಿಯನ್ ಕೈಸೇರಿತು. ಅಟ್ಲಾಸಿಯನ್ ಯಾರು? ಜಿರಾ ಮಾಡುವವರು, ಅಂದರೆ ಫಾಗ್‌ಬಗ್ಜ್‌ನ ನೇರ ಪ್ರತಿಸ್ಪರ್ಧಿ! ಫಾಗ್‌ಬಗ್ಜ್‌ಗೆ ಮಧ್ಯೆ ಮ್ಯಾನ್ಯುಸ್ಕ್ರಿಪ್ಟ್ ಎಂದು ಹೆಸರು ಬದಲಿಸಿದರು. 2018ರಲ್ಲಿ ಅದನ್ನು ಡೆವ್‌ಫ್ಯಾಕ್ಟರಿಗೆ ಮಾರಿದರು. ಆಮೇಲೆ ಹಳೆಯ ಹೆಸರೇ ಮರಳಿತು. ಉಳಿದ ಕಂಪನಿ ಗ್ಲಿಚ್ ಎಂದು ಹೆಸರಿಟ್ಟುಕೊಂಡಿತು. ಬಗ್ ಹಿಡಿಯುವ ಕಂಪನಿ ಕೊನೆಗೆ ತಾನೇ 'ದೋಷ' ಎಂದು ಕರೆದುಕೊಂಡಿತು ಎಂದು ಆಗ ನಕ್ಕಿದ್ದೆವು.

ಆದ್ದರಿಂದ ಈಗ ಫಾಗ್‌ಬಗ್ಜ್ ಕೊಂಡರೆ ಜೋಯೆಲ್‌ರ ಕೀರ್ತಿಯನ್ನು ಕೊಂಡ ಹಾಗಲ್ಲ. ಇವತ್ತಿನ ಮಾಲೀಕರು ಹೇಗೆ ನಡೆಸುತ್ತಿದ್ದಾರೆ ಎಂದು ನೋಡಿ ಕೊಳ್ಳಬೇಕು. ಅದು ಒಳ್ಳೆಯದಿರಬಹುದು, ಕೆಟ್ಟದಿರಬಹುದು. 2000ದ ಬರಹದಲ್ಲಿ ಅದಕ್ಕೆ ಉತ್ತರವಿಲ್ಲ.

ಅರ್ಧವಿರಾಮ:
ಇದು ನನಗೆ ಗೊತ್ತಿರಲಿಲ್ಲ! ಮ್ಯಾನೇಜರಿಗೂ ಗೊತ್ತಿರಲಿಲ್ಲ. ಮುಖ ನೋಡಬೇಕಿತ್ತು.

ಕಡತಪಾಲ:
ಸ್ಥಳಾಂತರಿ ಅವರ ಮಾತಿಗೆ ಎದುರಾಡುವುದಿಲ್ಲ. ನಾನು ಹೊಗಳಿದ್ದು ಮಾರಾಟಕ್ಕೆ ಮುಂಚಿನ ಫಾಗ್‌ಬಗ್ಜ್ ಅನ್ನು. ಆ ಕಂಪನಿಯ ಜನರ ಬಗ್ಗೆ ಒಂದು ನೆನಪು: 2012ರ ಅಕ್ಟೋಬರ್‌ನಲ್ಲಿ ಸ್ಯಾಂಡಿ ಚಂಡಮಾರುತ ಬಂದಾಗ ಅವರ ಸರ್ವರ್‌ಗಳಿದ್ದ ಮ್ಯಾನ್‌ಹ್ಯಾಟನ್‌ನ ಕಟ್ಟಡದ ನೆಲಮಾಳಿಗೆಗೆ ನೀರು ನುಗ್ಗಿ ಡೀಸೆಲ್ ಪಂಪ್ ನಿಂತಿತು. ಜನರೇಟರ್ ಇದ್ದದ್ದು ಮೇಲೆ, ಹದಿನೇಳನೆಯ ಮಹಡಿಯಲ್ಲಿ. ಫಾಗ್ ಕ್ರೀಕ್, ವೆಬ್‌ಸೈಟ್ ಕಂಪನಿ ಸ್ಕ್ವೇರ್‌ಸ್ಪೇಸ್ ಮತ್ತು ಡೇಟಾ ಕೇಂದ್ರದವರು ಕತ್ತಲೆಯ ಮೆಟ್ಟಿಲುಗಳಲ್ಲಿ ಸಾಲಾಗಿ ನಿಂತು ಬಕೆಟ್‌ಗಳಲ್ಲಿ ಡೀಸೆಲ್ ಹೊತ್ತರು. ತಂತ್ರಾಂಶ ಹೇಗೆ ಎಂದು ಕೇಳುವವರಿಗೆ ನಾನು ಈ ಕಥೆಯನ್ನೂ ಹೇಳುತ್ತೇನೆ.

ಹಳೆಯ ಪರೀಕ್ಷಕಿ:
ಅಲ್ಲಿ ಮಾತ್ರ 'ಮೂಲ ಕಾರಣ: ವಿದ್ಯುತ್ ವ್ಯತ್ಯಯ' ಎಂದು ಒತ್ತಬಹುದಿತ್ತು.

ಪ್ರತಿಧ್ವನಿ:
ಜಿರಾ ಹೆಸರು ಬಂದದ್ದರಿಂದ ಒಂದು ಮಾತು. ಅದನ್ನು ಬೈಯುವುದು ಒಂದು ಹವ್ಯಾಸವೇ ಆಗಿದೆ. ಆದರೆ ಅದು ನಿಮ್ಮ ಸಂಸ್ಥೆ ಹೇಗಿದೆಯೋ ಹಾಗೆ ಆಗುವ ತಂತ್ರಾಂಶ. ಏಳು ಜನರ ಒಪ್ಪಿಗೆ ಬೇಕು ಎಂದು ನೀವೇ ನಿಯಮ ಮಾಡಿದರೆ ಅದು ಏಳು ಹಂತ ತೋರಿಸುತ್ತದೆ. ಕುಣಿಯಲಾರದವರು ನೆಲ ಡೊಂಕು ಎಂದ ಹಾಗೆ ಆಯಿತು. ಫಾಗ್‌ಬಗ್ಜ್ ಮಾಡಿದ್ದು ಬೇರೆ: 'ನೀವು ಹೀಗೆ ಕೆಲಸ ಮಾಡಿ' ಎಂದು ಒಂದು ದಾರಿ ತೋರಿಸಿತು. ದಾರಿ ಇಷ್ಟವಾದವರಿಗೆ ಹಬ್ಬ, ಉಳಿದವರು ಜಿರಾಗೆ ಹೋದರು. ದೊಡ್ಡ ಕಂಪನಿಗಳು ಯಾರ ಬರಹವನ್ನೂ ಓದಿ ತಂತ್ರಾಂಶ ಕೊಳ್ಳುವುದಿಲ್ಲ.

ಹುಳುಹಿಡುಕ:
ಜಿರಾ ಎಂದರೆ ಗೊಜಿರಾ, ಗಾಡ್ಜಿಲ್ಲಾದ ಜಪಾನಿ ಹೆಸರು. ಅಟ್ಲಾಸಿಯನ್‌ನವರು ಮೊದಲು ಬಳಸುತ್ತಿದ್ದದ್ದು ಮೊಜಿಲ್ಲಾದ ಬಗ್ ಟ್ರ್ಯಾಕರ್ ಬಗ್ಜಿಲ್ಲಾ, ಅದಕ್ಕೆ ಇಟ್ಟ ಅಡ್ಡಹೆಸರನ್ನೇ ಕತ್ತರಿಸಿ ಹೊಸದಕ್ಕೆ ಇಟ್ಟರು. ಈ ಸಲವಾದರೂ ಸರಿ ತಾನೇ, ಶೂನ್ಯಸೂಚಿ ಅವರೇ?

ಶೂನ್ಯಸೂಚಿ:
ಈ ಸಲ ಸರಿ.

ಕಾಲಯಂತ್ರ:
ಬಗ್ ಎಣಿಸಿ ಸಂಬಳ ಏರಿಸುವುದನ್ನು ಜೋಯೆಲ್ ವಿರೋಧಿಸಿದ್ದರು ಎಂಬುದನ್ನೂ ಮ್ಯಾನೇಜರಿಗೆ ನೆನಪಿಸಿ. ನಾನು ಕೆಲಸ ಮಾಡಿದ ಒಂದು ಕಡೆ ಗೋಡೆಯ ಮೇಲಿನ ಪರದೆಯಲ್ಲಿ 'ಈ ವಾರ ಅತಿ ಹೆಚ್ಚು ಟಿಕೆಟ್ ಮುಚ್ಚಿದವರು' ಎಂದು ಹೆಸರು ಬರುತ್ತಿತ್ತು. ಒಬ್ಬ ಸಹೋದ್ಯೋಗಿಗೆ ಒಂದೇ ಕಾಗುಣಿತ ತಪ್ಪು ಮೂವತ್ತು ಪರದೆಗಳಲ್ಲಿ ಸಿಕ್ಕಿತು. ಸರಿಪಡಿಸಲು ಒಂದು ಸಾಲು ಬದಲಿಸಿದರೆ ಸಾಕು. ಅವನು ಮೂವತ್ತು ಟಿಕೆಟ್ ತೆರೆದ, ಒಂದು ಸಾಲು ಬದಲಿಸಿದ, ಮೂವತ್ತನ್ನೂ ಮುಚ್ಚಿದ. ಆ ವಾರ ಸರ್ವರ್ ಮೂರು ದಿನ ಬೀಳದ ಹಾಗೆ ಕಾದವಳ ಲೆಕ್ಕ ಎರಡು.

ನಿಯಮಪಾಲಕ:
ತೆರೆದವನೇ ಮುಚ್ಚಿದ. ಜೋಯೆಲ್ ನಿಯಮ ಪಾಲನೆಯಾಗಿದೆ!

ಹಳೆಯ ಪರೀಕ್ಷಕಿ:
ಅರ್ಧವಿರಾಮ ಅವರೇ, ಇಷ್ಟು ಗಲಾಟೆಯ ಮಧ್ಯೆ ನಿಮ್ಮ ಪ್ರಶ್ನೆಗೆ ನನ್ನ ಉತ್ತರ. ಮೂರು ಸಾಲಿನ ನಿಯಮಕ್ಕೆ ಯಾವ ತಂತ್ರಾಂಶವೂ ಬೇಡ, ಕಾಗದದ ಮೇಲೂ ನಡೆಯುತ್ತದೆ. ನಿಯಮ ಪಾಲಿಸದ ತಂಡಕ್ಕೆ ಯಾವ ತಂತ್ರಾಂಶ ತಂದರೂ ಅಷ್ಟೇ. ನಿಮ್ಮಲ್ಲಿ ಬಗ್‌ಗಳು ಇಮೇಲ್‌ನಲ್ಲಿ ಬರುತ್ತಿವೆ ಎಂದಿರಿ. ಅದಕ್ಕೂ ಜೋಯೆಲ್ ಮದ್ದು ಹೇಳಿದ್ದಾರೆ. ಪ್ರೋಗ್ರಾಮರ್ ಆಗಿದ್ದರೆ ಬೇರೆ ದಾರಿಯಿಂದ ಬಂದ ಬಗ್ ತೆಗೆದುಕೊಳ್ಳಲೇಬೇಡಿ, 'ಡೇಟಾಬೇಸ್‌ಗೆ ಹಾಕಿ' ಎಂದು ವಾಪಸ್ ಕಳುಹಿಸಿ. ಟೆಸ್ಟರ್ ಆಗಿದ್ದರೆ ಬಾಯಲ್ಲಿ ಹೇಳಲೇಬೇಡಿ, ಹಾಕಿಬಿಡಿ, ಸೂಚನೆ ತಾನೇ ಹೋಗುತ್ತದೆ. ಎರಡು ವಾರ ಎಲ್ಲರೂ ನಿಮ್ಮನ್ನು ಶಪಿಸುತ್ತಾರೆ. ಮೂರನೆಯ ವಾರ ಅಭ್ಯಾಸವಾಗುತ್ತದೆ. ನಾನು ಮಾಡಿ ನೋಡಿದ್ದೇನೆ.

ಮತ್ತೆ, ರಜೆಗೆ ಹೊರಟ ಆ ಹಿರಿಯ ಟೆಸ್ಟರ್ ಪಕ್ಕದಲ್ಲಿ ಇವತ್ತೇ ಒಬ್ಬರನ್ನು ಕೂರಿಸಿ, ತಲೆಯಲ್ಲಿರುವುದನ್ನು ಇಳಿಸಿಕೊಳ್ಳಿ. ತಂತ್ರಾಂಶವನ್ನು ನಾಳೆ ಆರಿಸಿದರೂ ನಡೆಯುತ್ತದೆ.

ಅರ್ಧವಿರಾಮ:
ಹನ್ನೊಂದು ದಿನದ ನಂತರ ಬರೆಯುತ್ತಿದ್ದೇನೆ. ಎಲ್ಲರಿಗೂ ಧನ್ಯವಾದ.

ಸದ್ಯಕ್ಕೆ ಏನನ್ನೂ ಕೊಂಡಿಲ್ಲ. ನಮ್ಮದೇ ಸರ್ವರ್‌ನಲ್ಲಿ ಯಾರೋ ಎಂದೋ ಹಾಕಿ ಮರೆತಿದ್ದ ಒಂದು ಉಚಿತ ಟ್ರ್ಯಾಕರ್ ಸಿಕ್ಕಿತು. ಅದರಲ್ಲಿ ಹದಿನೇಳು ಫೀಲ್ಡ್ ಇದ್ದವು, ಹನ್ನೊಂದನ್ನು ಕಿತ್ತೆವು. 'ಮೂಲ ಕಾರಣ' ಮೊದಲು ಹೋಯಿತು. ವಿವರಣೆಯ ಪೆಟ್ಟಿಗೆಯಲ್ಲಿ ಮೂರು ಸಾಲುಗಳನ್ನು ಮೊದಲೇ ತುಂಬಿಟ್ಟೆವು: ಏನು ಮಾಡಿದಿರಿ, ಏನಾಗಬೇಕಿತ್ತು, ಏನಾಯಿತು. ಹಿರಿಯ ಟೆಸ್ಟರ್ ಎರಡು ದಿನ ಕುಳಿತು ತಲೆಯಲ್ಲಿದ್ದ ಅರವತ್ತನಾಲ್ಕು ಬಗ್ ಇಳಿಸಿದರು. ಅದರಲ್ಲಿ ಒಂಬತ್ತು ನಮಗೆ ಯಾರಿಗೂ ಗೊತ್ತಿರಲಿಲ್ಲ. 'ಯಾರೂ ಕೇಳಲಿಲ್ಲವಲ್ಲ' ಎಂದರು.

ಅಧಿಕೃತವಾಗಿ ಆರಂಭಿಸಿದ ಬೆಳಿಗ್ಗೆ ಬಂದ ಮೊದಲ ಟಿಕೆಟ್ ನಮ್ಮ ಮ್ಯಾನೇಜರದ್ದೇ. ಅದನ್ನು ಹಾಗೆಯೇ ಕೊಡುತ್ತೇನೆ:

ಏನು ಮಾಡಿದಿರಿ: ತೆರೆದೆ.
ಏನಾಗಬೇಕಿತ್ತು: ಕೆಲಸ ಮಾಡಬೇಕಿತ್ತು.
ಏನಾಯಿತು: ಮಾಡಲಿಲ್ಲ.

ಹಿರಿಯ ಟೆಸ್ಟರ್ ರಜೆಗೆ ಹೊರಡುವ ಮುನ್ನ ಅದನ್ನು 'ಮರುಕಳಿಸುತ್ತಿಲ್ಲ' ಎಂದು ಅವರಿಗೇ ವಾಪಸ್ ಕಳುಹಿಸಿದರು. ಜೊತೆಗೆ ಒಂದೇ ಸಾಲು: 'ಏನನ್ನು ತೆರೆದಿರಿ, ಸಾರ್?'

ಮೌನಸಾಕ್ಷಿ:
ಹನ್ನೆರಡು ಪ್ರಶ್ನೆ ಬಾಯಿಪಾಠ, ಮೂರಕ್ಕೆ ಉತ್ತರವಿಲ್ಲ.

ಮರುಚಾಲನೆ:
ಎಕ್ಸೆಲ್ ಹಾಳೆಗಿಂತ ಎಲ್ಲವೂ ಮೇಲು ಎಂದು ಮೊದಲ ದಿನವೇ ಹೇಳಿದ್ದೆ. ಸರಿ, ಉತ್ತರ ಸಿಕ್ಕಿತಲ್ಲ, ಈ ಚರ್ಚೆಯನ್ನು ಮುಚ್ಚೋಣವೇ?

ಕಡತಪಾಲ:
ತೆರೆದವರು ಮಾತ್ರ ಮುಚ್ಚಬಹುದು.

ಅರ್ಧವಿರಾಮ:
ಮ್ಯಾನೇಜರ್ ಇನ್ನೂ ಉತ್ತರ ಕೊಟ್ಟಿಲ್ಲ. ಸ್ವಲ್ಪ ದಿನ ತೆರೆದೇ ಇರಲಿ.